ವಸ್ತಿ ಗಾಡಿ

ನನ್ನ ಗಂಡನಿಗೆ ಮನೆಯಲ್ಲಿ ನಿದ್ದೆ ಬರುವುದಿಲ್ಲ. ಈ ಮಾತು ಹೇಳಿದೊಡನೆ ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ. ಆಮೇಲೆ ದನಿ ತಗ್ಗಿಸಿ, “ಭಾಳ ದಿನಾ ಆತೇನ್ರಿ?” ಎಂದು ವಿಚಾರಿಸುತ್ತಾರೆ. ಅವರ ತಲೆಯಲ್ಲಿ ಏನು ಓಡುತ್ತಿದೆಯೆಂಬುದು ನನಗೆ ತಿಳಿಯದೆ ಇರುವುದಿಲ್ಲ. ಅದಕ್ಕಾಗಿ ಈಗೀಗ ಮೊದಲೇ ಹೇಳಿಬಿಡುತ್ತೇನೆ: ತಪ್ಪು ನನ್ನದಲ್ಲ, ನನ್ನ ಗೊರಕೆಯದೂ ಅಲ್ಲ, ಏಕೆಂದರೆ ಗೊರಕೆ ಹೊಡೆಯುವವರು ಅವರು. ತಪ್ಪೆಲ್ಲ ವಸ್ತಿ ಬಸ್ಸಿನದು.

ವಸ್ತಿ ಬಸ್ಸು ಕಾಣದವರಿಗೆ ಒಂದು ಮಾತು. ಸಂಜೆ ಪೇಟೆ ಬಿಟ್ಟು, ದಾರಿಯ ಹಳ್ಳಿಗಳಲ್ಲಿ ಜನರನ್ನು, ಅವರ ಗಂಟುಮೂಟೆಗಳನ್ನು, ಒಮ್ಮೊಮ್ಮೆ ಒಂದು ಆಡಿನ ಮರಿಯನ್ನೂ ಇಳಿಸುತ್ತ ಹೋಗಿ, ಕೊನೆಯ ಊರಿನಲ್ಲಿ ನಿಲ್ಲುವ ಬಸ್ಸು ಅದು. ರಾತ್ರಿ ಅಲ್ಲೇ ಅದರ ವಾಸ. ಡ್ರೈವರ್ ಒಂದು ಸೀಟಿನ ಮೇಲೆ, ಕಂಡಕ್ಟರ್ ಇನ್ನೊಂದು ಸೀಟಿನ ಮೇಲೆ ಕಾಲು ಮಡಚಿ ಮಲಗುತ್ತಾರೆ. ನಸುಕಿನಲ್ಲಿ ಎದ್ದು, ಊರಿನವರು ಯಾರಾದರೂ ಕೊಟ್ಟ ಚಹಾ ಕುಡಿದು, ಮತ್ತೆ ಪೇಟೆಯ ದಾರಿ ಹಿಡಿಯುತ್ತಾರೆ. ನಮ್ಮನೆಯವರು ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದರು. ಅವರ ನೌಕರಿಯ ಬಹುಪಾಲು ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ತಾಲೂಕುಗಳ ವಸ್ತಿ ಬಸ್ಸುಗಳಲ್ಲೇ ಕಳೆಯಿತು. ಬೇರೆ ಡ್ರೈವರುಗಳು ವಸ್ತಿ ಎಂದರೆ ಹೊಟ್ಟೆನೋವು ತಂದುಕೊಳ್ಳುತ್ತಿದ್ದರಂತೆ. ಇವರು ಮಾತ್ರ ಆ ಹೊಟ್ಟೆನೋವಿನವರ ಪಾಳಿಯನ್ನೂ ಕೇಳಿ ಇಸಿದುಕೊಂಡು ಹೋಗುತ್ತಿದ್ದರಂತೆ. ಇದು ನನಗೆ ಗೊತ್ತಾದದ್ದು ಅವರ ನಿವೃತ್ತಿಯ ದಿನ, ಸಹೋದ್ಯೋಗಿಯೊಬ್ಬರು ಹೊಗಳಿ ಭಾಷಣ ಮಾಡುವಾಗ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸ್ವಲ್ಪ ತಡವಾಗಿ.

ನಾನು ಮುದ್ದೇಬಿಹಾಳದಲ್ಲಿ ಕನ್ನಡ ಸಾಲಿಯ ಅಕ್ಕೋರು ಆಗಿದ್ದವಳು. ನಮ್ಮ ಕಡೆ ಪಾಠ ಹೇಳುವ ಹೆಂಗಸಿಗೆ ಅಕ್ಕೋರು ಎಂದೇ ಹೆಸರು. ಅಕ್ಕೋರಾದವರಿಗೆ ಪದದ ಬೇರು ಕೆದಕುವ ಚಟ ಇದ್ದೇ ಇರುತ್ತದೆ. ವಸ್ತಿ ಎಂದರೆ ವಸತಿ, ಸಂಸ್ಕೃತದಿಂದ ಬಂದದ್ದು. ಬಸದಿ ಎಂಬ ಮಾತೂ ಅದೇ ಮನೆತನದ್ದು. ತೀರ್ಥಂಕರರು ನೂರಾರು ವರ್ಷ ಕದಲದೆ ಕುಳಿತ ಬಸದಿ ಎಲ್ಲಿ, ಬೆಳಗಾದರೆ ಹಾರ್ನ್ ಬಾರಿಸಿ ಹೊರಟುಹೋಗುವ ವಸ್ತಿ ಎಲ್ಲಿ! ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಇಷ್ಟು ಬೇರೆಯಾಗಬಹುದಾದರೆ, ಬೇರೆ ಬೇರೆ ಹೊಟ್ಟೆಯಲ್ಲಿ ಹುಟ್ಟಿ ಮದುವೆಯಾದವರ ಪಾಡು ಕೇಳಬೇಕೆ? ನಮ್ಮ ಮನೆಯಲ್ಲಿ ನಾನು ಬಸದಿ, ಅವರು ವಸ್ತಿ.

ಹಾಗಾಗಿ ನಿವೃತ್ತಿಯವರೆಗೂ ನಮಗೆ ಒಂದೇ ಮನೆಯಲ್ಲಿ ಸತತವಾಗಿ ಮಲಗಿ ಗೊತ್ತೇ ಇರಲಿಲ್ಲ. ನನಗೆ ಇಡೀ ಮಂಚ ಒಬ್ಬಳಿಗೇ ಬೇಕು, ಕಿಟಕಿ ಮುಚ್ಚಿರಬೇಕು, ಗಡಿಯಾರದ ಸಪ್ಪಳ ಕೂಡ ಆಗಬಾರದು. ಅವರಿಗೆ ಕಾಲು ಚಾಚಿದರೆ ನಿದ್ದೆ ಹಾರಿಹೋಗುತ್ತದೆ. ಹೊರಗೆ ನಾಯಿ ಬೊಗಳಬೇಕು, ಯಾರೋ ಕೆಮ್ಮಬೇಕು, ಗಾಳಿಗೆ ತಗಡು ಬಡಿಯಬೇಕು. ಹೊಸದಾಗಿ ಕೊಂಡ ಮಂಚದ ಮೇಲೆ ಅವರು ಬೆಳತನಕ ಹೊರಳುವುದು, ನಾನು ಅವರು ಹೊರಳುವುದನ್ನು ಎಣಿಸುವುದು. ಡಾಕ್ಟರು ಗುಳಿಗೆ ಕೊಟ್ಟರು. ಗುಳಿಗೆ ತಿಂದು ಹಗಲೆಲ್ಲ ತೂಕಡಿಸಿದರೇ ಹೊರತು ರಾತ್ರಿ ರೆಪ್ಪೆ ಅಂಟಲಿಲ್ಲ. ಮನುಷ್ಯ ನೋಡನೋಡುತ್ತ ಸೊರಗಿದರು. ಒಂದು ಮುಂಜಾನೆ ನೋಡಿದರೆ ಹಾಸಿಗೆಯಲ್ಲಿ ಇಲ್ಲ. ಎದುರು ಮನೆಯವರು ಬಾಡಿಗೆಗೆ ಓಡಿಸುವ ಟೆಂಪೊದಲ್ಲಿ, ಮೊಣಕಾಲು ಎದೆಗೆ ಹಚ್ಚಿಕೊಂಡು, ಕೂಸಿನ ಹಾಗೆ ಮಲಗಿದ್ದರು. ಓಣಿಯ ಹೆಂಗಸರೆಲ್ಲ ನೋಡಿದರು. ನನ್ನ ಮಾನ ಹೋದದ್ದು ಇರಲಿ, ಆ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಎಂದೂ ಕಂಡಿರಲಿಲ್ಲ.

ಆ ದಿನಗಳಲ್ಲೇ ವಿಜಯಪುರದಲ್ಲಿರುವ ಮಗಳು ಬಂದಿದ್ದಳು. ಅಪ್ಪನ ಮನಸ್ಸು ಬೇರೆಡೆ ಹರಿಯಲಿ ಎಂದು ಫೋನಿನಲ್ಲಿ ಏನೇನೋ ತೋರಿಸುತ್ತಿದ್ದಳು. ಅದರಲ್ಲಿ ಒಂದು, ಅಮೆರಿಕದ ಯಾವುದೋ ಮರುಭೂಮಿ. ನೆಟ್ಟಗೆ ನಿಂತ ಪಾಪಾಸುಕಳ್ಳಿ, ಕೆಂಪು ಗುಡ್ಡ, ಅದರ ಕೆಳಗೆ ಸಾಲಾಗಿ ನಿಂತ ದೊಡ್ಡ ದೊಡ್ಡ ಗಾಡಿಗಳು. ಪ್ರತಿ ಗಾಡಿಯ ಮುಂದೆ ಎರಡು ಕುರ್ಚಿ, ಕುರ್ಚಿಗಳಲ್ಲಿ ಬೆಳ್ಳಿಗೂದಲಿನ ಗಂಡಹೆಂಡತಿ. ಚಳಿಯ ಊರುಗಳವರು ನೌಕರಿ ಮುಗಿದ ಮೇಲೆ ಹೀಗೆ ಗಾಡಿಯಲ್ಲೇ ಮನೆ ಮಾಡಿಕೊಂಡು, ಚಳಿಗಾಲ ಕಳೆಯಲು ಬಿಸಿಲಿನ ನಾಡಿಗೆ ಬರುತ್ತಾರಂತೆ. ಒಳಗೇ ಒಲೆ, ಒಳಗೇ ಮಂಚ. ನಮ್ಮನೆಯವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ, “ಅಲ್ಲಾ, ಇದು ವಸ್ತಿ ಬಸ್ಸಲ್ಲೇನ?” ಎಂದರು. ಮತ್ತೊಮ್ಮೆ ನೋಡಿ, “ಇವರು ಹೇಣ್ತಿನ್ನೂ ಕರ್ಕೊಂಡ ಹೋಗ್ಯಾರ” ಎಂದರು. ಆ ಎರಡನೆಯ ಮಾತನ್ನು ಯಾವ ದನಿಯಲ್ಲಿ ಆಡಿದರೆಂದು ನನಗೆ ಇವತ್ತಿಗೂ ಸರಿಯಾಗಿ ಹೇಳಲು ಬರುವುದಿಲ್ಲ.

ಮರುಭೂಮಿಗೆ ನಾವು ಅಷ್ಟು ದೂರ ಹೋಗುವ ಅಗತ್ಯವಿರಲಿಲ್ಲ. ನಮ್ಮ ಸೀಮೆಯಲ್ಲಿ ಮರಗಳು ಎಷ್ಟು ಕಡಿಮೆಯೆಂದರೆ, ಇಂಡಿಯಲ್ಲಿ ತುದಿಗಾಲ ಮೇಲೆ ನಿಂತರೆ ಸಿಂದಗಿ ಕಾಣಬೇಕು. ಬೇಸಿಗೆಯಲ್ಲಿ ಇಲ್ಲಿ ಹಕ್ಕಿ ಕೂಡ ನೆರಳು ಹುಡುಕಿಕೊಂಡು ನಡೆದೇ ಹೋಗುತ್ತದೆ. ಆದರೆ ಚಳಿಗಾಲಕ್ಕೆ ಈ ನಾಡು ಬೇರೆಯೇ. ಕಪ್ಪು ನೆಲದ ಮೇಲೆ ಬಿಳಿಜೋಳ ಎದೆಯೆತ್ತರ ನಿಲ್ಲುತ್ತದೆ, ಕುಸುಬೆ ಹೂ ಬಿಡುತ್ತದೆ, ಕಡಲೆ ಗಿಡದ ಮೇಲೆ ಇಬ್ಬನಿ ಹುಳಿಯಾಗುತ್ತದೆ. ಆಲಮಟ್ಟಿಯ ಹಿನ್ನೀರಿಗೆ ನೀಳಗಾಲಿನ ಗುಲಾಬಿ ಹಕ್ಕಿಗಳು ಎಲ್ಲಿಂದಲೋ ಬಂದು ಬೀಡುಬಿಡುತ್ತವೆ. ಕುರಿಗಾರರು ಹಿಂಡು ಹೊಡೆದುಕೊಂಡು ಬಂದು ಹೊಲಗಳಲ್ಲಿ ತಂಗುತ್ತಾರೆ. ಕಬ್ಬು ಕಡಿಯುವವರು ಸಂಸಾರ ಸಮೇತ ಗುಡಿಸಲು ಹಾಕುತ್ತಾರೆ. ಚಳಿಗಾಲದಲ್ಲಿ ಇಲ್ಲಿ ನೆಲೆ ನಿಂತವರಿಗಿಂತ ಬಂದು ಹೋಗುವವರೇ ಹೆಚ್ಚೇನೋ ಅನಿಸುತ್ತದೆ. ಅವರ ಜೊತೆಗೆ ನಾವಿಬ್ಬರು.

ಸಾಲಿ ಮಕ್ಕಳನ್ನು ಸಾಗಿಸುತ್ತಿದ್ದ ಹಳೆಯ ಹಳದಿ ಗಾಡಿಯೊಂದನ್ನು ಅವರು ಎಲ್ಲಿಂದಲೋ ತಂದರು. ಬಾಗೇವಾಡಿಯ ವೆಲ್ಡಿಂಗ್ ಅಂಗಡಿಯವನು ಹಿಂದಿನ ಸೀಟುಗಳನ್ನು ಕಿತ್ತು ಒಂದು ಮಂಚ, ಮೇಲೊಂದು ನೀರಿನ ಟಾಕಿ, ಗ್ಯಾಸಿನ ಒಲೆಗೊಂದು ಕಟ್ಟೆ ಮಾಡಿಕೊಟ್ಟ. ಮುಂದಿನ ಸೀಟುಗಳನ್ನು ಮಾತ್ರ ಕೀಳಲು ನಮ್ಮನೆಯವರು ಬಿಡಲಿಲ್ಲ. ಮಂಚ ನನಗೆ, ಸೀಟು ಅವರಿಗೆ, ನಡುವೆ ಒಂದು ಪರದೆ. ನನ್ನ ಷರತ್ತು ಒಂದೇ ಇತ್ತು. ಸಂಕ್ರಮಣದವರೆಗೆ ಬರುತ್ತೇನೆ, ಅಷ್ಟರಲ್ಲಿ ನನಗೂ ನಿದ್ದೆ ಹತ್ತಿದರೆ ಸರಿ, ಇಲ್ಲದಿದ್ದರೆ ಗಾಡಿ ಮಾರಬೇಕು. ಅವರು “ಆತು” ಎಂದರು. ಅವರ ಬಾಯಲ್ಲಿ ಮಾತು ಕಡಿಮೆ. ಆ “ಆತು” ಎಂಬುದರಲ್ಲಿ ಒಪ್ಪಿಗೆ, ಬೇಸರ, ಪ್ರೀತಿ, ಹಸಿವು ಎಲ್ಲವೂ ಇರುತ್ತವೆ. ಆಯ್ದುಕೊಳ್ಳುವುದು ನಮಗೆ ಬಿಟ್ಟದ್ದು.

ಮೊದಲ ಬೀಡು ಮಸೂತಿ ಎಂಬ ಊರಿನ ಹತ್ತಿರ ಒಂದು ಹೊಲದ ಬದುವಿನಲ್ಲಿ. ಫೋನಿನಲ್ಲಿ ಕಂಡ ಹಾಗೆಯೇ ಎರಡು ಕುರ್ಚಿ ಹೊರಗೆ ಹಾಕಿ, ಜೋಳದ ಕಡೆ ಮುಖ ಮಾಡಿ ಕುಳಿತೆವು. ಅಮೆರಿಕದಲ್ಲಿ ಹೀಗೆ ಕುಳಿತವರನ್ನು ಯಾರೂ ಏನೂ ಕೇಳುವುದಿಲ್ಲವೇನೋ. ಇಲ್ಲಿ ಕುಳಿತು ಸ್ವಲ್ಪ ಹೊತ್ತಾಗಿತ್ತು, ರುಮಾಲಿನ ಅಜ್ಜ ಒಬ್ಬ ಕೋಲೂರಿಕೊಂಡು ಬಂದ.

“ಕಣ್ಣಿನ ಡಾಕ್ಟರ್ ಎಲ್ಲಿ ಅದಾರ್ರಿ?”

“ಡಾಕ್ಟರ್ ಯಾರೂ ಇಲ್ಲಪ್ಪ, ನಾವಿಬ್ಬರ ಇದೀವಿ” ಎಂದೆ.

“ಮತ್ತ ಏನ್ ಮಾರ್ತೀರಿ?”

“ಏನೂ ಇಲ್ಲ. ಸುಮ್ಮನ ಬಂದೀವಿ.”

ಸುಮ್ಮನೆ ಎಂಬುದು ಅವನಿಗೆ ಅರಗಲಿಲ್ಲ. ಬದುವಿನ ಮೇಲೆ ಕುಳಿತು ಯೋಚಿಸಿದ. ಕೊನೆಗೆ ನನ್ನ ಕಡೆ ಬಗ್ಗಿ, “ಸೊಸಿ ಕೂಡ ಜಗಳಾ ಆಗೈತೇನ ತಂಗಿ?” ಎಂದು ಮೆಲ್ಲಗೆ ಕೇಳಿದ. ನಮಗೆ ಸೊಸೆಯೇ ಇಲ್ಲವೆಂದರೂ ನಂಬದೆ, ಸಂಜೆ ರೊಟ್ಟಿ, ಬದನೆಕಾಯಿ ಪಲ್ಯ ಕಟ್ಟಿಸಿಕೊಂಡು ಬಂದು ಕೊಟ್ಟು, “ಎಲ್ಲಾ ಸರಿ ಹೋಗತೈತಿ” ಎಂದು ಸಮಾಧಾನ ಹೇಳಿ ಹೋದ. ಪಲ್ಯ ಬಹಳ ರುಚಿಯಾಗಿತ್ತು. ಇಲ್ಲದ ಸೊಸೆಯ ಮೇಲೆ ನನಗೆ ಅಭಿಮಾನ ಹುಟ್ಟಿತು.

ಗೊಳಸಂಗಿಯಲ್ಲಿ ಇನ್ನೊಂದು ಫಜೀತಿ. ಬೆಳಿಗ್ಗೆ ಪರದೆಯಾಚೆ ಮಾತು ಕೇಳಿ ಎದ್ದು ನೋಡಿದರೆ, ತಾಯಿಯೊಬ್ಬಳು ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ ಮಗಳನ್ನು ಚೀಲ ಸಮೇತ ಗಾಡಿಯೊಳಗೆ ಕೂಡಿಸುತ್ತಿದ್ದಳು. ಹಳದಿ ಬಣ್ಣ ನೋಡಿ ಸಾಲಿಯ ಗಾಡಿ ಎಂದೇ ತಿಳಿದಿದ್ದಾಳೆ. “ಇವತ್ತ ಲಗೂ ಬಂದೀರಲ್ರಿ” ಎಂದು ಮೆಚ್ಚುಗೆ ಬೇರೆ. ನಮ್ಮನೆಯವರಿಗೆ ಇಲ್ಲ ಎನ್ನಲು ನಾಲಗೆ ಹೊರಳದು. ಹುಡುಗಿಯನ್ನು ಸಾಲಿಯ ಬಾಗಿಲಿಗೆ ಬಿಟ್ಟೇ ಬಂದರು. ಅಂದಿನಿಂದ ನಾವು ಆ ಊರಲ್ಲಿ ಇದ್ದಷ್ಟು ದಿನ ದಿನಾಲೂ ಬಿಟ್ಟರು.

ಸಿಂದಗಿಯಲ್ಲಿ ಅರಿವೆ ವ್ಯಾಪಾರಿಯೊಬ್ಬ ಗಾಡಿಯ ಸುತ್ತ ಪ್ರದಕ್ಷಿಣೆ ಹಾಕಿದ. ಸಂತೆಯಿಂದ ಸಂತೆಗೆ ಸೀರೆಯ ಗಂಟು ಹೊತ್ತು ತಿರುಗುವವನು. ಬಾಗಿಲು ತೆರೆದು ನೋಡಿ, ಮಂಚ ತಟ್ಟಿ ನೋಡಿ, ಕೊನೆಗೆ ನಮ್ಮನೆಯವರನ್ನು ಬಿಟ್ಟು ನನಗೇ ಹೇಳಿದ: “ಗಾಡಿ ಬ್ಯಾಡ ಅಂದಾಗ ಮೊದಲ ನನಗ ಹೇಳ್ರಿ ಅಕ್ಕೋರ. ಬಂದು ಒಯ್ತೇನಿ.” ವ್ಯಾಪಾರಿಗಳಿಗೆ ಮನೆಯಲ್ಲಿ ಯಾರ ಮಾತು ನಡೆಯುತ್ತದೆಂದು ಹೇಗೆ ತಿಳಿಯುತ್ತದೋ! ಹೇಳುತ್ತೇನೆ ಎಂದೆ. ನಮ್ಮನೆಯವರು ಟಾಯರಿನ ಗಾಳಿ ನೋಡುತ್ತ ಕುಳಿತರು.

ನಿದ್ದೆಯ ವಿಷಯಕ್ಕೆ ಬರುತ್ತೇನೆ. ಅವರು ಗಾಡಿ ಏರಿದ ಮೊದಲ ರಾತ್ರಿಯಿಂದಲೇ ಸೀಟಿನ ಮೇಲೆ ಮುದುಡಿ ಗಡದ್ದಾಗಿ ಮಲಗಿದರು. ಕೆನ್ನೆ ತುಂಬಿತು, ಮುಖಕ್ಕೆ ಕಳೆ ಬಂತು. ನನಗೆ ಮಾತ್ರ ನಿದ್ದೆ ಹತ್ತಿರ ಸುಳಿಯಲಿಲ್ಲ. ಗಾಳಿ ಬೀಸಿದರೆ ಗಾಡಿ ತೊಟ್ಟಿಲಾಗುತ್ತಿತ್ತು. ತೊಟ್ಟಿಲಲ್ಲಿ ಮಲಗುವ ವಯಸ್ಸೇ ಇದು? ನಸುಕಿನಲ್ಲಿ ಅವರು ಎದ್ದು ಹೊರಗೆ ಹೋದ ಮೇಲೆ ಒಂದಿಷ್ಟು ಕಣ್ಣು ಹತ್ತುತ್ತಿತ್ತು. ಅವರು ಹೊರಗೇ ಚಹಾ ಮಾಡಿಕೊಂಡು, ಬಿಸಿಲೇರುವವರೆಗೂ ಪರದೆಯ ಹತ್ತಿರ ಸುಳಿಯುತ್ತಿರಲಿಲ್ಲ.

ನಿದ್ದೆಗೆಟ್ಟವರಿಗೆ ಸಿಟ್ಟು ಬೇಗ. ನನ್ನ ಸಿಟ್ಟಿಗೆ ಕಾರಣ ಇನ್ನೊಂದೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ, ನಿಮ್ಮಲ್ಲೇ ಇರಲಿ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಹೋದ ಹೋದ ಊರಲ್ಲಿ ಜನ ನನ್ನ ಗಂಡನನ್ನು ನನಗಿಂತ ಚೆನ್ನಾಗಿ ಬಲ್ಲರು. “ಡ್ರೈವರಣ್ಣ ಬಂದಾನ!” ಎಂದು ಮಕ್ಕಳು ಮರಿ ಎಲ್ಲ ಬಂದು ಮುತ್ತುವುದು. ಇವರು ನಗುವುದು. ಮನೆಯಲ್ಲಿ “ಆತು”, “ಹೂಂ” ಎಂಬ ಎರಡು ಪದಗಳಲ್ಲಿ ಸಂಸಾರ ನಡೆಸಿದ ಮನುಷ್ಯ ಇಲ್ಲಿ ಕಟ್ಟೆಯ ಮೇಲೆ ಕುಳಿತು ಕಥೆ ಹೇಳುತ್ತಾರೆ! ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ! ನಾನು ಗಾಡಿಯ ಬಾಗಿಲಲ್ಲಿ ನಿಂತು, ಯಾರಿವರು ಎಂದು ನೋಡುತ್ತಿದ್ದೆ.

ಹೊರ್ತಿಗೆ ಬಂದಾಗ ಇದು ತುದಿ ಮುಟ್ಟಿತು. ಅಲ್ಲಿ ನೀಲವ್ವ, ಬಸಣ್ಣ ಎಂಬ ಗಂಡಹೆಂಡತಿಯ ಹೊಲದಲ್ಲಿ ಗಾಡಿ ನಿಲ್ಲಿಸಿದೆವು. ಇಂಡಿಯಿಂದ ಹೊರ್ತಿಗೆ ವಸ್ತಿ ಬಸ್ಸು ತರುತ್ತಿದ್ದ ಕಾಲದಲ್ಲಿ ನಮ್ಮನೆಯವರಿಗೆ ರೊಟ್ಟಿ ಬರುತ್ತಿದ್ದದ್ದು ಆ ಮನೆಯಿಂದಲೇ. ಸಂಜೆ ಸೀತನಿ ಸುಟ್ಟರು. ಎಳೆ ಜೋಳದ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಬಿಸಿಯಾಗಿ ಅಂಗೈಯಲ್ಲಿ ತಿಕ್ಕಿ ಕಾಳು ಬಿಡಿಸಿ, ಬೆಲ್ಲ ಶೇಂಗಾ ಚಟ್ನಿಯ ಜೊತೆ ತಿನ್ನುವುದು. ನಾನು ನಮ್ಮನೆಯವರ ತಟ್ಟೆಗೆ ಬೆಲ್ಲದ ತುಂಡು ಹಾಕಹೋದೆ. ನೀಲವ್ವ ನನ್ನ ಕೈ ಹಿಡಿದಳು.

“ಅಣ್ಣಗ ಬೆಲ್ಲ ಸೇರಂಗಿಲ್ಲ ಅಕ್ಕೋರ. ಖಾರ ಬೇಕು ಅವಗ.”

ಮದುವೆಯಾದಾಗಿನಿಂದ ಹಬ್ಬ ಹಬ್ಬಕ್ಕೆ ನಾನು ಹೋಳಿಗೆ ಬಡಿಸಿದ್ದೇನೆ. ಆ ಮನುಷ್ಯ ತುಟಿಪಿಟಕ್ಕೆನ್ನದೆ ತಿಂದಿದ್ದಾರೆ. ಸಿಹಿ ಸೇರುವುದಿಲ್ಲವೆಂದು ತಿಳಿಯಲು ನಾನು ಹೊರ್ತಿಗೆ ಬರಬೇಕಾಯಿತು. ಕೈಯಲ್ಲಿದ್ದ ಬೆಲ್ಲದ ತುಂಡನ್ನು ನಾನೇ ಬಾಯಿಗೆ ಹಾಕಿಕೊಂಡೆ.

ಗಾಡಿಗೆ ಹಿಂದಿರುಗಿದಾಗ ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದೆ: “ನಿಮಗ ಊರಿಗೊಂದು ಸಂಸಾರ ಐತಿ. ಎಲ್ಲಾರಿಗೂ ನೀವು ಬೇಕು, ಎಲ್ಲಾರೂ ನಿಮಗ ಬೇಕು. ನಾ ಒಬ್ಬಾಕಿ ಇಲ್ಲಿ ಯಾಕ? ನಾಳೆ ನನ್ನ ಮನಿಗಿ ಬಿಡ್ರಿ. ಸಿಂದಗಿ ಸೀರಿ ವ್ಯಾಪಾರಿಗಿ ಫೋನ್ ಹಚ್ಚಿ ಗಾಡಿ ಕೊಟ್ಟ ಬಿಡ್ರಿ.”

ಅವರು ನೀರಿನ ಕೊಡ ತುಂಬಿಸಿಕೊಂಡು ಬಂದಿದ್ದರು. ಅದನ್ನು ಕೆಳಗಿಡದೆ ಹಾಗೇ ನಿಂತರು. ಆಮೇಲೆ ಹೇಳಿದರು: “ಆತು.”

ಯಾಕೆ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ನಾನು ಪರದೆ ಎಳೆದುಕೊಂಡೆ. ಗಾಡಿ ಹೋದರೆ ಅವರ ನಿದ್ದೆ ಹೋಗುತ್ತದೆ, ನಿದ್ದೆ ಹೋದರೆ ಮನುಷ್ಯ ಮತ್ತೆ ಸೊರಗುತ್ತಾರೆ. ಇದೆಲ್ಲ ನನಗೆ ಗೊತ್ತಿತ್ತು. ಅದು ಗೊತ್ತಿದ್ದೂ ಒಂದೇ ಒಂದು ಸಲ ಅವರು “ಇರು” ಅನ್ನಲಿ ಎಂದು ಕಾಯುತ್ತಿದ್ದೆ.

ಮರುದಿನ ಬೆಳಕು ಹರಿಯುವ ಮೊದಲೇ ಎಚ್ಚರವಾಯಿತು. ನೀಲವ್ವ ಪಂಪಿನ ಹತ್ತಿರ ಇದ್ದದ್ದು ಕಿಟಕಿಯಿಂದ ಕಾಣಿಸಿತು. ಹೋಗುವ ಮೊದಲು ಅವಳಿಗೆ ಒಂದು ಮಾತು ಹೇಳಬೇಕು. ಬೆಲ್ಲದ ವಿಷಯದಲ್ಲಿ ತಪ್ಪು ಅವಳದೇನಿರಲಿಲ್ಲ. ಹೊದ್ದಿದ್ದ ಕೌದಿಯನ್ನು ಮುದ್ದೆಯಾಗಿ ಹಾಸಿಗೆಯ ಮೇಲೆ ಹಾಗೇ ಬಿಟ್ಟು, ಹಿಂದಿನ ಬಾಗಿಲಿನಿಂದ ಮೆಲ್ಲಗೆ ಇಳಿದೆ. ಹೊರಟೆವು ಎಂದೆ. ನೀಲವ್ವ, “ಊರಿಗಿ ಹೊಂಟೀರಂದ್ರ, ಒಂದ ಉಡಿ ಕಡ್ಲಿ ಪಲ್ಯ ತಗೊಂಡು ಹೋಗ್ರಿ” ಎಂದು ಹೊಲದೊಳಗೆ ಕರೆದೊಯ್ದಳು. ನಮ್ಮ ಕಡೆ ಹಸಿ ಸೊಪ್ಪಿಗೂ ಪಲ್ಯ ಎಂದೇ ಹೆಸರು. ಇಬ್ಬರೂ ಬಗ್ಗಿ ಕಡಲೆಯ ಎಳೆ ಕುಡಿ ಚಿವುಟುತ್ತಿದ್ದೆವು. ಬೆರಳೆಲ್ಲ ಹುಳಿ, ಕಾಲೆಲ್ಲ ತಣ್ಣಗೆ. ಅಷ್ಟರಲ್ಲಿ ಗಾಡಿ ಶುರುವಾದ ಸಪ್ಪಳ ಕೇಳಿತು. ಚಳಿಗೆ ಇಂಜಿನ್ ಬಿಸಿ ಮಾಡುತ್ತಿದ್ದಾರೆ ಎಂದುಕೊಂಡೆ. ಗಾಡಿ ಸರಿಯಿತು. ತಿರುಗಿಸಿ ನಿಲ್ಲಿಸುತ್ತಿದ್ದಾರೆ ಎಂದುಕೊಂಡೆ. ಗಾಡಿ ಹೊಲ ಬಿಟ್ಟು ದಾರಿ ಹಿಡಿದು ಹೋಯಿತು.

ಉಡಿಯಲ್ಲಿ ಸೊಪ್ಪು ತುಂಬಿಕೊಂಡು, ಸೀರೆ ಮೊಣಕಾಲಿಗೆತ್ತಿ, ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬಳು ಕಡಲೆ ಹೊಲದಲ್ಲಿ ಓಡಿದ ದೃಶ್ಯವನ್ನು ನನ್ನ ವಿದ್ಯಾರ್ಥಿಗಳು ಯಾರೂ ನೋಡಲಿಲ್ಲ ಎಂಬುದೊಂದೇ ಸಮಾಧಾನ. “ಏನ್ರೀ! ನಿಂದರ್ರಿ!” ಎಂದು ಕೂಗಿದೆ. ಇಡೀ ಸಾಲಿಗೆ ಕೇಳುತ್ತಿದ್ದ ದನಿ, ಆ ಬಯಲಿನಲ್ಲಿ ಹತ್ತು ಮಾರು ಹೋಗಲಿಲ್ಲ. ಬದುವಿನ ಮೇಲೆ ಕುಳಿತು ಅತ್ತೆ. ಮುಚ್ಚಿಡುವುದೇನು, ಚೆನ್ನಾಗಿಯೇ ಅತ್ತೆ. ನಾನು ಯಾಕೆ ಇಲ್ಲಿ ಎಂದು ಕೇಳಿದ್ದೆನಲ್ಲ, ಉತ್ತರ ಕೊಟ್ಟು ಹೋದರು ಎಂದುಕೊಂಡೆ.

ನೀಲವ್ವ ತನ್ನ ಫೋನಿನಿಂದ ಹಚ್ಚಿದಳು, ಹಚ್ಚಿದಳು. ಎತ್ತಲಿಲ್ಲ. ಗಾಡಿ ಹೊಡೆಯುವಾಗ ಅವರು ಫೋನ್ ಮುಟ್ಟುವವರಲ್ಲ, ಪೆಟ್ಟಿಗೆಯಲ್ಲಿಟ್ಟು ಮುಚ್ಚಿಬಿಡುತ್ತಾರೆ. ನನ್ನ ಫೋನ್ ಮಂಚದ ಮೇಲೇ ಇತ್ತು. ಬಸಣ್ಣ ಊರ ಕಡೆಯಿಂದ ಬಂದು ಹೇಳಿದ: “ಅಣ್ಣನ ಗಾಡಿ ಇಂಡಿ ಕಡೆ ಹೋತಲ್ಲ. ಬಸ್ಸಿಗೆ ನಿಂತವರನ್ನೆಲ್ಲಾ ತುಂಬಿಕೊಂಡು ಹೋದ!” ಹೆಂಡತಿ ಬೇಡ, ಬಸ್ಸಿಗೆ ನಿಂತವರು ಬೇಕು. ಸಿಟ್ಟು ಬಂದು ಕಣ್ಣೀರು ನಿಂತಿತು.

“ನಾ ಬಸ್ಸಿಗೆ ಹೋಗ್ತೇನಿ, ನನ್ನ ಮನಿಗಿ” ಎಂದೆ. ಹೊರ್ತಿಯಿಂದ ಮುದ್ದೇಬಿಹಾಳಕ್ಕೆ ಹೋಗುವವರು ವಿಜಯಪುರದ ಬಸ್ಸು ಹತ್ತಬೇಕು. ಅದೇ ಹತ್ತಿರ. ಇಂಡಿಯ ಬಸ್ಸು ಹತ್ತಿದರೆ ಸಿಂದಗಿ ಸುತ್ತಿ ಹೋಗಬೇಕು. ನಾನು ಇಂಡಿಯ ಬಸ್ಸು ಹತ್ತಿದೆ. ಯಾಕೆಂದು ಕೇಳಬೇಡಿ. ನೀಲವ್ವನೂ ಕೇಳಲಿಲ್ಲ.

ಕಿಟಕಿಯ ಪಕ್ಕ ಕುಳಿತು, ಬೈಗುಳಗಳನ್ನು ಒಂದೊಂದಾಗಿ ಜೋಡಿಸಿಕೊಳ್ಳುತ್ತಿದ್ದೆ. ವಾಕ್ಯರಚನೆ ನನ್ನ ಕಸುಬು. ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಸಿದ್ಧವಾಗುತ್ತಿದ್ದಾಗ ಬಸ್ಸಿನ ಡ್ರೈವರ್ ಹಾರ್ನ್ ಬಾರಿಸಿದ. ನಿಂಬೆ ತೋಟಗಳ ನಡುವಿನ ದಾರಿಯಲ್ಲಿ, ಮುಂದೆ, ಎತ್ತಿನ ಗಾಡಿಗೂ ನಾಚಿಕೆಯಾಗುವ ಹಾಗೆ ನಮ್ಮ ಹಳದಿ ಗಾಡಿ ತೆವಳುತ್ತಿತ್ತು. ಕೆಟ್ಟಿದೆಯೇನೋ ಎಂದುಕೊಂಡೆ. ತಗ್ಗು ಬಂದರೆ ಪೂರ್ತಿ ನಿಂತು, ಒಂದೊಂದೇ ಗಾಲಿ ಇಳಿಸಿ ಹತ್ತಿಸಿ, ಮತ್ತೆ ತೆವಳುತ್ತಿತ್ತು. ಬಸ್ಸಿನ ಡ್ರೈವರ್ ನಮ್ಮನೆಯವರ ಕೈಕೆಳಗೆ ಕಲಿತವನು. ಗಾಡಿಯನ್ನು ಗುರುತಿಸಿ, ದಾಟಿ ಮುಂದೆ ಹೋಗಿ ನಿಲ್ಲಿಸಿ, “ಏನ್ ಮಾಮಾ, ಲಗ್ನದ ಮೆರವಣಿಗಿ ಐತೇನ?” ಎಂದು ನಗುತ್ತ ಇಳಿದುಹೋದ. ಇವರೂ ತಮ್ಮ ಕಡೆಯ ಬಾಗಿಲಿನಿಂದ ಇಳಿದರು. ನಾನು ಬಸ್ಸಿನಿಂದ ಇಳಿದು, ಗಾಡಿಯ ಈಚೆ ಬದಿಯ ಬಾಗಿಲನ್ನು ಜಗ್ಗಿ ತೆರೆದೆ. ಮೊದಲ ಬೈಗುಳ ನಾಲಗೆಯ ತುದಿಯಲ್ಲಿತ್ತು.

ಒಳಗೆ ಸೀಟಿನ ತುಂಬ ಜನ. ನಿಂಬೆಕಾಯಿ ಬುಟ್ಟಿ ಇಟ್ಟುಕೊಂಡ ಒಬ್ಬ, ಕಾಲೇಜಿನ ಇಬ್ಬರು ಹುಡುಗಿಯರು, ಗಂಟು ತೊಡೆಯ ಮೇಲಿಟ್ಟುಕೊಂಡ ಒಬ್ಬ ಮುದುಕಿ. ನಮ್ಮ ಕಡೆಯ ಜನ ಇಷ್ಟು ಮಂದಿ ಕೂಡಿದ ಮೇಲೆ ಆಗಬೇಕಾದ ಗದ್ದಲ ಆಗುತ್ತಿರಲಿಲ್ಲ. ಎಲ್ಲರೂ ಬಾಯಿ ಮುಚ್ಚಿ, ಮೈ ಹಿಡಿ ಮಾಡಿ ಕುಳಿತಿದ್ದರು. ಮುದುಕಿ ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟಳು.

“ಸಾವಕಾಶ ಹತ್ತವ್ವಾ, ಬಾಗಲಾ ಬಡೀಬ್ಯಾಡ” ಎಂದು ಪಿಸುಗುಟ್ಟಿದಳು. “ಪರದೆ ಹಿಂದ ಅವರ ಮನಿಯಾಕಿ ಮಲಗ್ಯಾಳಂತ. ಆಕಿಗಿ ರಾತ್ರಿ ನಿದ್ದಿ ಬರಂಗಿಲ್ಲಂತ, ಈಗಷ್ಟ ಕಣ್ಣ ಹತ್ತೈತಂತ. ಯಾರೂ ಮಾತಾಡಬ್ಯಾಡ್ರಿ ಅಂತ ಹೇಳೇ ಹತ್ತಿಸಿಕೊಂಡಾನ.”

ಹುಡುಗಿಯರಲ್ಲಿ ಒಬ್ಬಳು ನಗು ತಡೆಯುತ್ತ, “ಹೊರ್ತಿಯಿಂದ ಹಿಂಗ ಹೊಂಟೀವ್ರಿ. ಒಮ್ಮಿನೂ ಹಾರ್ನ್ ಹೊಡದಿಲ್ಲ” ಎಂದು ಉಸಿರಿನಲ್ಲೇ ಹೇಳಿದಳು. ನಿಂಬೆಕಾಯಿಯವನು ಕೆಮ್ಮು ಬಂದು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕೆಮ್ಮಿದ.

ನಾನು ಅಲ್ಲೇ ನಿಂತೆ. ಜೋಡಿಸಿಕೊಂಡ ವಾಕ್ಯಗಳಲ್ಲಿ ಒಂದೂ ಉಳಿದಿರಲಿಲ್ಲ.

ಅವರು ಬಂದು ಡ್ರೈವರ್ ಸೀಟಿನಲ್ಲಿ ಕುಳಿತರು. ಬಾಗಿಲಲ್ಲಿ ನಿಂತ ನನ್ನನ್ನು ಕಂಡರು. ತಿರುಗಿ ಪರದೆ ನೋಡಿದರು. ಮತ್ತೆ ನನ್ನನ್ನು ನೋಡಿದರು.

“ನೀ ಇಲ್ಲಿ ಅದಿ” ಎಂದರು. “ಹಂಗಾರ ಅಲ್ಲಿ ಮಲಗಿದ್ದ ಯಾರು?”

“ಕೌದಿ” ಎಂದೆ.

ಹುಡುಗಿಯರು ಇನ್ನು ತಡೆಯಲಾರದೆ ನಕ್ಕರು. ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಯ್ಯ ನನ್ನವ್ವ, ನೀನ ಏನ!” ಎಂದು ಹಣೆ ಬಡಿದುಕೊಂಡಳು. ಅವರು ಮಾತ್ರ ನಗಲಿಲ್ಲ. ನನ್ನ ಕೆಸರು ಮೆತ್ತಿದ ಕಾಲು, ಉಡಿಯಲ್ಲಿನ ಸೊಪ್ಪು, ಕೆಂಪಾದ ಕಣ್ಣು ಒಂದೊಂದಾಗಿ ನೋಡಿದರು. ನಾನು ಸಿಟ್ಟಿನಲ್ಲಿ ಉಳಿದಿದ್ದಷ್ಟನ್ನು ಒಟ್ಟುಮಾಡಿ ಕೇಳಿದೆ: “ಮುದ್ದೇಬಿಹಾಳಕ್ಕ ಬಿಡ್ರಿ ಅಂದ್ರ ಇಂಡಿಗಿ ಯಾಕ ಹೊಂಟೀರಿ?”

ಅವರು ಸ್ಟೇರಿಂಗಿನ ಮೇಲಿನ ತಮ್ಮ ಕೈಗಳನ್ನೇ ನೋಡುತ್ತ ಹೇಳಿದರು. ನಾನು ಕೇಳಿದ ಮಟ್ಟಿಗೆ ಅವರ ಅತಿ ಉದ್ದದ ಮಾತು ಅದು.

“ಬೆಳಿಗ್ಗೆ ಆ ಕ್ರಾಸಿಗೆ ಬಂದ್ರ ಕೈ ತಾನ ಇಂಡಿಗಿ ತಿರಗತೈತಿ. ತಿರಗಿದ ಮ್ಯಾಲೆ ಗೊತ್ತಾತು. ಹೊಳ್ಳಿ ಹಿಂದಕ್ಕ ಹೋಗಬೇಕಂದೆ. ಆದ್ರ ನೀ ಮಲಗಿದ್ದಿ. ಎಚ್ಚರಾದ್ರ ಮನಿ ಅಂತಿ. ಮಲಗಿರೂತನಕಾ ಕೂಡೇ ಇರ್ತಿ ಅಂತ... ಸಾವಕಾಶ ಹೊಡದೆ.”

ಬಸ್ಸಿನ ಡ್ರೈವರ್ ಹಾರ್ನ್ ಹೊಡೆದು, ಅವಸರವಿದ್ದವರು ತನ್ನ ಬಸ್ಸಿಗೆ ಬರಬಹುದೆಂದು ಕೂಗಿದ. ಪರೀಕ್ಷೆಗೆ ಹೊತ್ತಾಯಿತೆಂದು ಹುಡುಗಿಯರು ಓಡಿದರು. ಮುದುಕಿ ಏಳಲಿಲ್ಲ, ನಿಂಬೆಕಾಯಿಯವನೂ ಏಳಲಿಲ್ಲ. ಈಗ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಉಡಿಯಲ್ಲಿದ್ದ ಕಡಲೆ ಸೊಪ್ಪನ್ನು ಮುದುಕಿಯ ಗಂಟಿನ ಮೇಲೆ ಸುರಿದು, ಬಾಗಿಲನ್ನು ಸಪ್ಪಳಾಗದಂತೆ ಎಳೆದುಕೊಂಡು, ಪರದೆ ಸರಿಸಿ ಒಳಗೆ ಹೋದೆ. ಅಷ್ಟು ಜನ, ಅಷ್ಟು ದೂರ, ಉಸಿರು ಬಿಗಿಹಿಡಿದು ಕಾಯ್ದ ನಿದ್ದೆ. ಅದನ್ನು ಹಾಗೇ ಬಿಡುವುದು ಸರಿಯೆನಿಸಲಿಲ್ಲ. ಕೌದಿ ಹೊದ್ದು ಮಲಗಿದೆ. ಗಾಡಿ ಮೊದಲಿನಷ್ಟೇ ಮೆಲ್ಲಗೆ ಹೊರಟಿತು. ಇಂಡಿ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ.